ಹೊಡೆಯುವುದೋ, ಹಿಡಿಯುವುದೋ, ದುಡ್ಡಿನ ದಾರಿ ಕಟ್ಟುವುದೋ? ಭಯೋತ್ಪಾದನೆಗೆ ಜಗತ್ತು ಮಾಡಿ ನೋಡಿದ ಮದ್ದುಗಳ ಹೋಲಿಕೆ

2019ರ ಫೆಬ್ರವರಿಯಲ್ಲಿ ಮದ್ದೂರು ತಾಲ್ಲೂಕಿನ ಗುಡಿಗೆರೆಯ ಯೋಧನ ಪಾರ್ಥಿವ ಶರೀರ ಊರಿಗೆ ಬಂದ ದಿನ ನಾನೂ ಕೆ.ಎಂ. ದೊಡ್ಡಿ ಹತ್ತಿರ ರಸ್ತೆ ಬದಿಯಲ್ಲಿ ನಿಂತಿದ್ದೆ. ಪುಲ್ವಾಮಾದಲ್ಲಿ ಸತ್ತ 40 ಸಿಆರ್‌ಪಿಎಫ್ ಜವಾನರಲ್ಲಿ ಅವನೊಬ್ಬ. ಗಾಡಿ ಬರುವುದು ತಡವಾಗಿತ್ತು. ಕಬ್ಬು ಹೇರಿದ ಟ್ರ್ಯಾಕ್ಟರುಗಳು ದಾರಿ ಬಿಟ್ಟು ಪಕ್ಕಕ್ಕೆ ನಿಂತಿದ್ದವು. ಹುಡುಗರು ಗಂಟಲು ಹರಿಯುವಂತೆ ಕೂಗುತ್ತಿದ್ದರು, ಹೊಡೀಬೇಕು, ನುಗ್ಗಿ ಹೊಡೀಬೇಕು ಅಂತ. ನನ್ನ ಪಕ್ಕದಲ್ಲಿ ಟವೆಲ್ಲನ್ನು ತಲೆಗೆ ಸುತ್ತಿಕೊಂಡಿದ್ದ ಹಿರಿಯರೊಬ್ಬರು ತಣ್ಣಗೆ ಕೇಳಿದರು: "ಹೊಡುದ್ರೆ ನಿಂತೋಯ್ತದಾ ಸಾ ಇದು?"

ನಾನು ಏನೋ ಗೊಣಗಿದೆ. ಮೈಸೂರಿನ ಸರಸ್ವತಿಪುರಂನಲ್ಲಿ ಕೆಎಎಸ್, ಐಎಎಸ್‌ಗೆ ಓದುವವರಿಗೆ ಸಂಜೆ ಹೊತ್ತು ಆಂತರಿಕ ಭದ್ರತೆ ಪಾಠ ಮಾಡುವವನು ನಾನು. ಪ್ರತಿ ದಾಳಿಯ ಮರುದಿನ ಆ ಹಿರಿಯರ ಪ್ರಶ್ನೆಯೇ ತರಗತಿಗೆ ಬರುತ್ತದೆ. ಸೈನ್ಯ ನುಗ್ಗಿಸಬೇಕೋ, ಆರಿಸಿ ಹೊಡೆಯಬೇಕೋ, ಪೊಲೀಸರಿಗೂ ಕೋರ್ಟಿಗೂ ಬಿಡಬೇಕೋ, ಹಣದ ದಾರಿ ಕಟ್ಟಬೇಕೋ, ಹುಡುಗರ ತಲೆಗೆ ಹತ್ತಿದ ವಿಷ ಇಳಿಸಬೇಕೋ? ಬುದ್ಧಿವಂತ ವಿದ್ಯಾರ್ಥಿ "ಐದೂ ಬೇಕು" ಎಂದು ಬರೆದು ಅಂಕ ತೆಗೆದುಕೊಳ್ಳುತ್ತಾನೆ. ಅದು ಔಷಧಿ ಅಂಗಡಿಗೆ ಹೋಗಿ ಎಲ್ಲ ಮಾತ್ರೆಯೂ ಒಂದೊಂದು ಕೊಡಿ ಅಂದ ಹಾಗೆ. ಸರ್ಕಾರಕ್ಕೂ ದುಡ್ಡು, ಜನ, ಸಮಯ ಎಲ್ಲಕ್ಕೂ ಮಿತಿ ಇರುತ್ತದೆ. ಯಾವುದು ಮೊದಲು, ಯಾವುದು ಯಾವುದಕ್ಕೆ ಅನ್ನುವುದನ್ನು ಆರಿಸಲೇಬೇಕು. ಈ ಬರಹ ಆ ಆಯ್ಕೆಗಾಗಿ.

ಅರಕೆರೆಯಿಂದ ಶುರು

ಅಸಮಬಲದ ಯುದ್ಧ ಎಂದರೇನು ಎಂದು ತಿಳಿಯಲು ವಿಯೆಟ್ನಾಂಗೆ ಹೋಗಬೇಕಾಗಿಲ್ಲ. ಶ್ರೀರಂಗಪಟ್ಟಣ ತಾಲ್ಲೂಕಿನ ಅರಕೆರೆ ಸಾಕು. 1791ರ ಮೇ 15ರಂದು ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಅಲ್ಲಿ ಟಿಪ್ಪುವಿನ ಸೈನ್ಯವನ್ನು ಹಿಮ್ಮೆಟ್ಟಿಸಿದ. ಗೆದ್ದವನು ಅದೇ ತಿಂಗಳು ಮುಗಿಯುವುದರೊಳಗೆ ಕನ್ನಂಬಾಡಿಯ ಹತ್ತಿರ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆದುಹಾಕಿ ಬೆಂಗಳೂರಿನ ದಾರಿ ಹಿಡಿದ. ದಾರಿಯ ಮೇವು, ದವಸವನ್ನೆಲ್ಲ ಟಿಪ್ಪುವಿನವರು ಮೊದಲೇ ಸುಟ್ಟಿದ್ದರು. ಹಿಂದಿನಿಂದ ಬರಬೇಕಾದ ಸರಕನ್ನು ಹಗುರ ಕುದುರೆ ಪಡೆ ತಡೆಯುತ್ತಿತ್ತು. ಮಳೆ ಹಿಡಿಯಿತು. ಫಿರಂಗಿ ಎಳೆಯುವ ಎತ್ತುಗಳು ಸಾಲುಸಾಲಾಗಿ ಸತ್ತವು. ಕಾಳಗ ಗೆದ್ದು ದಂಡಯಾತ್ರೆ ಸೋತ.

ನನಗೆ ಇಷ್ಟವಾಗುವುದು ಕಥೆಯ ಎರಡನೆಯ ಭಾಗ. 1792ರ ಫೆಬ್ರವರಿಯಲ್ಲಿ ಅವನು ಮತ್ತೆ ಬಂದ. ಈ ಸಲ ಅವನ ಭರವಸೆ ಬಂಜಾರರ ಎತ್ತಿನ ಹಿಂಡುಗಳ ಮೇಲೆ, ಅವು ಹೊತ್ತು ತಂದ ದವಸದ ಮೇಲೆ. ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಡಬೇಕಾಯಿತು. ಬಲಶಾಲಿ ಕಲಿತದ್ದು ಇಷ್ಟೇ: ಎದುರಾಳಿ ನನ್ನ ಯಾವ ದೌರ್ಬಲ್ಯಕ್ಕೆ ಕೈ ಹಾಕುತ್ತಿದ್ದಾನೋ ಅದನ್ನು ಮೊದಲು ಮುಚ್ಚಬೇಕು.

ಇಷ್ಟು ಹೇಳಿದ ಮೇಲೆ ಒಂದು ಗೆರೆಯನ್ನೂ ಎಳೆಯಬೇಕು. ಅದು ಸೈನ್ಯ ಸೈನ್ಯದ ನಡುವಿನ ಲೆಕ್ಕ. ಎತ್ತಿನ ಹೊಟ್ಟೆಗೆ ಹೊಡೆಯುವುದು ಬೇರೆ, ಸಂತೆಯಲ್ಲಿ ಬಾಂಬಿಡುವುದು ಬೇರೆ. ಗೆರಿಲ್ಲಾ ಸೈನಿಕನನ್ನು ದಣಿಸುತ್ತಾನೆ. ಭಯೋತ್ಪಾದಕ ನಿರಾಯುಧರನ್ನು ಕೊಂದು, ಅದನ್ನು ನೋಡುತ್ತಿರುವವರಿಂದ ಏನನ್ನೋ ಮಾಡಿಸಲು ಹೊರಡುತ್ತಾನೆ. ಪರೀಕ್ಷೆಯಲ್ಲಿ ಇವೆರಡನ್ನೂ ಕಲಸಿ ಬರೆಯುವವರೇ ಹೆಚ್ಚು. ವಿಶ್ವಸಂಸ್ಥೆಯೂ ಈ ಗೆರೆಯ ಮೇಲೆಯೇ ಎಡವಿ ಬಿದ್ದಿದೆ. ಭಯೋತ್ಪಾದನೆಯ ವಿರುದ್ಧ ಸಮಗ್ರ ಒಪ್ಪಂದವೊಂದು ಬೇಕು ಎಂದು ಭಾರತ 1996ರಲ್ಲೇ ಕರಡು ಮುಂದಿಟ್ಟಿತು. ಯಾರನ್ನು ಭಯೋತ್ಪಾದಕ ಎನ್ನಬೇಕು, ಯಾರನ್ನು ವಿಮೋಚನಾ ಹೋರಾಟಗಾರ ಎನ್ನಬೇಕು ಅನ್ನುವ ಜಗಳ ಇನ್ನೂ ಮುಗಿದಿಲ್ಲ.

ಕಬ್ಬು ಯಾರದು?

ಮಂಡ್ಯ ಕಡೆಯವರಿಗೆ ಕಬ್ಬಿನ ಗದ್ದೆಗೆ ಚಿರತೆ ಸೇರಿಕೊಳ್ಳುವುದು ಹೊಸ ಸುದ್ದಿಯಲ್ಲ. ನಮ್ಮೂರಲ್ಲಿ ಒಮ್ಮೆ ಹಾಗಾದಾಗ ಕಬ್ಬು ಆಳೆತ್ತರ ದಾಟಿತ್ತು. ಗದ್ದೆಗೇ ಬೆಂಕಿ ಕೊಡಿ ಅಂದವರು ನಾಲ್ಕು ಜನ. ಅವರಲ್ಲಿ ಒಬ್ಬರದೂ ಆ ಗದ್ದೆ ಅಲ್ಲ. ಬೋನು ತಂದಿಟ್ಟು, ಒಳಗಿನ ಗೂಡಿನಲ್ಲಿ ನಾಯಿ ಕಟ್ಟಿದರು. ಒಂಬತ್ತು ರಾತ್ರಿ ಏನೂ ಆಗಲಿಲ್ಲ. ಒಂಬತ್ತು ರಾತ್ರಿಯೂ ಊರಿಗೆ ಊರೇ ಲೈಟು ಹಾಕಿಕೊಂಡು, ಪಟಾಕಿ ಸಿಡಿಸಿಕೊಂಡು ಕೂತಿತ್ತು. ಚಿರತೆಗೆ ಒಂದು ರಾತ್ರಿ, ಒಂದು ಕರು ಸಿಕ್ಕಿದ್ದರೆ ಸಾಕಿತ್ತು. ಹತ್ತನೆಯ ಬೆಳಗ್ಗೆ ಬೋನಿನ ಬಾಗಿಲು ಬಿದ್ದಿತ್ತು.

ಬಲದಲ್ಲಿ ಅಸಮ ಅಂದರೆ ಇದೇ. 1984ರಲ್ಲಿ ಬ್ರೈಟನ್‌ನ ಹೋಟೆಲಿನಲ್ಲಿ ಬ್ರಿಟನ್ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಬಾಂಬಿನಿಂದ ಪಾರಾದಾಗ ಬಾಂಬಿಟ್ಟ ಐರಿಷ್ ರಿಪಬ್ಲಿಕನ್ ಆರ್ಮಿ ಹೇಳಿದ್ದೂ ಇದನ್ನೇ: ನಮಗೆ ಅದೃಷ್ಟ ಒಂದು ಸಲ ಬಂದರೆ ಸಾಕು, ನಿಮಗೆ ಯಾವಾಗಲೂ ಇರಬೇಕು. ದುಡ್ಡಿನಲ್ಲಿ ನೋಡಿದರೂ ಹಾಗೆಯೇ. 2001ರ ಸೆಪ್ಟೆಂಬರ್ 11ರ ಸಂಚಿಗೆ ಅಲ್‌ಖೈದಾ ಮಾಡಿದ ಖರ್ಚು 4ರಿಂದ 5 ಲಕ್ಷ ಡಾಲರ್ ಎಂದು ಅಮೆರಿಕದ ತನಿಖಾ ಆಯೋಗ ಲೆಕ್ಕ ಹಾಕಿತು. ಆ ದಾಳಿಯ ನಂತರದ ಯುದ್ಧಗಳಿಗೆ ಅಮೆರಿಕ ತೆತ್ತ, ಇನ್ನು ಮುಂದೆಯೂ ತೆರಬೇಕಾದ ಮೊತ್ತ ಸುಮಾರು 8 ಲಕ್ಷ ಕೋಟಿ ಡಾಲರ್ ಎಂಬುದು ಬ್ರೌನ್ ವಿಶ್ವವಿದ್ಯಾಲಯದ 2021ರ ಅಂದಾಜು. ಖರ್ಚು ಮಾಡಿಸುವುದೂ ದಾಳಿಯ ಉದ್ದೇಶವೇ.

ಹಾಗಾಗಿ ಯಾವ ಮದ್ದನ್ನು ಎತ್ತಿಕೊಳ್ಳುವ ಮೊದಲೂ ಕೇಳಿಕೊಳ್ಳಿ. ಎದುರಾಳಿಯ ಕೈಯಲ್ಲಿ ನೆಲ ಇದೆಯೋ, ಬರೀ ಬಾಡಿಗೆ ಕೋಣೆ ಇದೆಯೋ? ಅವನ ಬೆನ್ನಿಗೆ ಒಂದು ದೇಶ ಇದೆಯೋ? ದುಡ್ಡು ಎಲ್ಲಿಂದ ಬರುತ್ತಿದೆ? ನಾನು ಈಗ ಮಾಡಲು ಹೊರಟಿರುವುದು ಅವನು ಬಯಸಿದ್ದನ್ನೇ ಅಲ್ಲವೇ? ಕೊನೆಯದಾಗಿ, ಕಬ್ಬು ಯಾರದು? ಅವನು ಅಡಗಿರುವುದು ಯಾರ ನಡುವೆ, ಬೆಂಕಿ ಇಟ್ಟರೆ ಸುಟ್ಟುಹೋಗುವುದು ಯಾರ ಬೆಳೆ?

ಪೂರ್ಣ ಯುದ್ಧ: ನೆಲ ಇದ್ದವನ ಮೇಲೆ ಮಾತ್ರ

ಅಮೆರಿಕ 2001ರ ಅಕ್ಟೋಬರ್ 7ರಂದು ಅಫ್ಘಾನಿಸ್ತಾನದ ಮೇಲೆ ದಾಳಿ ಆರಂಭಿಸಿದಾಗ ಜಗತ್ತು ಹೆಚ್ಚುಕಡಿಮೆ ಅದರ ಬೆನ್ನಿಗಿತ್ತು. ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಎನ್ನುವ 5ನೇ ವಿಧಿಯನ್ನು ನ್ಯಾಟೊ ತನ್ನ ಇತಿಹಾಸದಲ್ಲಿ ಮೊದಲ ಸಲ ಬಳಸಿತು. ಕೆಲವೇ ವಾರಗಳಲ್ಲಿ ತಾಲಿಬಾನ್ ಸರ್ಕಾರ ಬಿತ್ತು. ಅಲ್ಲಿಗೆ ನಿಲ್ಲಿಸಿದ್ದರೆ ಏನಾಗುತ್ತಿತ್ತೋ. ನಿಲ್ಲಿಸಲಿಲ್ಲ. 20 ವರ್ಷ ಕಳೆದು 2021ರ ಆಗಸ್ಟ್ 15ರಂದು ತಾಲಿಬಾನ್ ಕಾಬೂಲಿಗೆ ನಡೆದುಕೊಂಡೇ ಬಂತು. ಮರುವರ್ಷ ಜುಲೈ 31ರಂದು ಅಲ್‌ಖೈದಾದ ಮುಖ್ಯಸ್ಥ ಅಯ್ಮನ್ ಅಲ್ ಜವಾಹಿರಿ ಡ್ರೋನ್‌ಗೆ ಸಿಕ್ಕಿದ್ದು ಅದೇ ಕಾಬೂಲಿನ ಮನೆಯೊಂದರ ಬಾಲ್ಕನಿಯಲ್ಲಿ.

ಇರಾಕ್ ಇನ್ನೂ ಕೆಟ್ಟ ಪಾಠ. 2003ರ ಮಾರ್ಚ್‌ನಲ್ಲಿ ಯುದ್ಧ ಶುರು, ಮೇ ತಿಂಗಳಲ್ಲಿ ಇರಾಕಿ ಸೈನ್ಯವನ್ನೇ ವಿಸರ್ಜಿಸಿದರು. ಬಂದೂಕು ಹಿಡಿಯಲು ಗೊತ್ತಿದ್ದ ಲಕ್ಷಾಂತರ ಗಂಡಸರು ಸಂಬಳವಿಲ್ಲದೆ ಮನೆಗೆ ಹೋದರು. ಅಲ್ಲಿ ಇಲ್ಲದಿದ್ದ ಅಲ್‌ಖೈದಾ 2004ರ ಹೊತ್ತಿಗೆ ಬೇರೂರಿತು. ಅದೇ ಸಂಘಟನೆ ಹೆಸರು ಬದಲಿಸುತ್ತ ಐಸಿಸ್ ಆಗಿ 2014ರ ಜೂನ್‌ನಲ್ಲಿ ಮೊಸುಲ್ ನಗರವನ್ನು ನುಂಗಿತು. ಇಲಿ ಇದೆ ಎಂದು ಇಲ್ಲದ ಮನೆಗೆ ಬೆಂಕಿ ಇಟ್ಟು, ಬೂದಿಯಲ್ಲಿ ಹೆಗ್ಗಣ ಸಾಕಿದ ಕಥೆ.

ಆದರೂ ಯುದ್ಧವೇ ಬೇಡ ಎಂದು ನಾನು ಹೇಳಲಾರೆ. ಐಸಿಸ್ ಕೈಗೆ ನೆಲ ಸಿಕ್ಕ ಮೇಲೆ ತೈಲ ಮಾರಿತು, ತೆರಿಗೆ ಎತ್ತಿತು, ಅಲ್ಪಸಂಖ್ಯಾತ ಯಜೀದಿ ಸಮುದಾಯದ ಹೆಣ್ಣುಮಕ್ಕಳನ್ನು ಸಂತೆಯಲ್ಲಿ ಮಾರಿತು. ಅದನ್ನು ಪೊಲೀಸ್ ಠಾಣೆಯಿಂದ ನಿಲ್ಲಿಸುವುದು ಸಾಧ್ಯವಿರಲಿಲ್ಲ. 2014ರಲ್ಲಿ ಕಟ್ಟಿದ ಅಂತಾರಾಷ್ಟ್ರೀಯ ಒಕ್ಕೂಟ ಮೇಲಿನಿಂದ ಬಾಂಬು ಹಾಕಿತು, ಕೆಳಗೆ ಕಾದಾಡಿದವರು ಇರಾಕಿಗಳು ಮತ್ತು ಕುರ್ದರು. ಮೊಸುಲ್ ವಾಪಸು ಬರಲು 2016ರ ಅಕ್ಟೋಬರ್‌ನಿಂದ 2017ರ ಜುಲೈವರೆಗೆ ಹಿಡಿಯಿತು. ಹಳೆಯ ಊರು ಕಲ್ಲುರಾಶಿಯಾಯಿತು. 2019ರ ಮಾರ್ಚ್‌ನಲ್ಲಿ ಬಾಘೂಜ್ ಎಂಬ ಹಳ್ಳಿಯೊಂದಿಗೆ ಅವರ ಕೊನೆಯ ನೆಲವೂ ಹೋಯಿತು. ಅಫ್ಘಾನಿಸ್ತಾನಕ್ಕೂ ಇದಕ್ಕೂ ಇರುವ ವ್ಯತ್ಯಾಸ ಗಮನಿಸಿ: ಇಲ್ಲಿ ಗುರಿ ನೆಲ ಕಿತ್ತುಕೊಳ್ಳುವುದು ಅಷ್ಟೇ, ಕಾದಾಡಿದವರೂ ಆ ನೆಲದವರೇ.

ಪಶ್ಚಿಮ ಆಫ್ರಿಕಾದ ಮಾಲಿಯಲ್ಲಿ ಫ್ರಾನ್ಸ್ 2013ರಲ್ಲಿ ಹೀಗೇ ಶುರುಮಾಡಿ ಕೆಲವೇ ವಾರಗಳಲ್ಲಿ ಜಿಹಾದಿಗಳ ಕೈಯಿಂದ ಟಿಂಬಕ್ಟು ನಗರವನ್ನು ಬಿಡಿಸಿತು. ಆಮೇಲೆ ಅಲ್ಲೇ ಉಳಿಯಿತು. 2022ರ ಆಗಸ್ಟ್‌ನಲ್ಲಿ ಸ್ಥಳೀಯರ ಸಿಟ್ಟು ಹೊತ್ತುಕೊಂಡು ಹೊರಬಿತ್ತು. ಇವತ್ತು ಮಾಲಿಯೂ ಸೇರಿದ ಸಹೇಲ್ ಪ್ರದೇಶ ಜಗತ್ತಿನಲ್ಲೇ ಅತಿ ಹೆಚ್ಚು ಭಯೋತ್ಪಾದಕ ಹಿಂಸೆ ಕಾಣುತ್ತಿರುವ ಜಾಗಗಳಲ್ಲಿ ಒಂದು.

ಆರಿಸಿ ಹೊಡೆಯುವುದು: ಚುರುಕು, ಆದರೆ ಬಾಳಿಕೆ ಕಡಿಮೆ

ನಮ್ಮ ಜನಕ್ಕೆ ಹೆಚ್ಚು ಪ್ರಿಯವಾದ ಆಯ್ಕೆ ಇದು, ನನ್ನ ವಿದ್ಯಾರ್ಥಿಗಳಿಗೂ. ಉರಿ ದಾಳಿಯ ನಂತರ 2016ರ ಸೆಪ್ಟೆಂಬರ್ 29ರ ಸರ್ಜಿಕಲ್ ಸ್ಟ್ರೈಕ್, ಪುಲ್ವಾಮಾದ ನಂತರ 2019ರ ಫೆಬ್ರವರಿ 26ರ ಬಾಲಾಕೋಟ್, ಪಹಲ್ಗಾಮ್‌ನಲ್ಲಿ 26 ಜನರನ್ನು ಕೊಂದ ಮೇಲೆ 2025ರ ಮೇ 7ರ ಆಪರೇಷನ್ ಸಿಂಧೂರ್. ಪ್ರತಿ ಸಲವೂ ಹೊಡೆತ ದೊಡ್ಡದಾಗಿದೆ. ಸಿಂಧೂರ್‌ನಲ್ಲಿ 9 ಜಾಗಗಳಿಗೆ ಹೊಡೆದರು, ನಾಲ್ಕು ದಿನ ಎರಡು ಅಣ್ವಸ್ತ್ರ ದೇಶಗಳು ಎದುರುಬದುರು ನಿಂತು ಮೇ 10ಕ್ಕೆ ನಿಲ್ಲಿಸಿದವು.

ಇದರ ಗುಣ: ಆಶ್ರಯ ಕೊಟ್ಟ ದೇಶಕ್ಕೆ ಬೆಲೆ ತೆರಬೇಕಾಗುತ್ತದೆ ಎಂಬ ಭಯ, ಇತ್ತ ನಮ್ಮ ಜನರ ಸಿಟ್ಟಿಗೆ ಒಂದು ದಾರಿ. ಎರಡನ್ನೂ ಕಡೆಗಣಿಸಬಾರದು. ದೋಷ: ಹೆದರಿಕೆ ಎಷ್ಟು ವರ್ಷ ಬಾಳುತ್ತದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಏಣಿಯ ಮೆಟ್ಟಿಲು ಹತ್ತುತ್ತ ಹೋದ ಹಾಗೆ ಮುಂದಿನ ಮೆಟ್ಟಿಲು ಇನ್ನೂ ಎತ್ತರದಲ್ಲಿರಬೇಕಾಗುತ್ತದೆ. ನಾಯಕನನ್ನು ಕೊಂದರೆ ಸಂಘಟನೆ ಸಾಯುವುದೂ ಇಲ್ಲ. ಇರಾಕಿನ ಅಲ್‌ಖೈದಾ ಕಟ್ಟಿದ ಜರ್ಕಾವಿ 2006ರ ಜೂನ್‌ನಲ್ಲಿ ಸತ್ತ; ಅವನ ಸಂಘಟನೆ ಎಂಟು ವರ್ಷಕ್ಕೆ ರಾಜ್ಯ ಕಟ್ಟಿತು.

ಪಹಲ್ಗಾಮ್ ಕಥೆಯಲ್ಲಿ ಟಿವಿಯವರು ಕಡಿಮೆ ತೋರಿಸಿದ ಭಾಗವೊಂದಿದೆ. ಗುಂಡು ಹಾರಿಸಿದ ಮೂವರು ಸತ್ತದ್ದು ಮೇ ತಿಂಗಳ ಕ್ಷಿಪಣಿಗಳಿಂದಲ್ಲ, ಜುಲೈ 28ರಂದು ಶ್ರೀನಗರದ ಹತ್ತಿರ ದಾಚಿಗಾಮ್ ಕಾಡಿನಲ್ಲಿ. ಮೂರು ತಿಂಗಳು ಬೆನ್ನು ಹತ್ತಿದ್ದರು. ಅವರ ಬಂದೂಕುಗಳನ್ನು ಚಂಡೀಗಢದ ಪ್ರಯೋಗಾಲಯಕ್ಕೆ ಒಯ್ದು, ಪಹಲ್ಗಾಮ್‌ನಲ್ಲಿ ಬಿದ್ದಿದ್ದ ತೋಟಾಗಳ ಜೊತೆ ಹೋಲಿಸಿ ನೋಡಿದ ಮೇಲೆಯೇ ಇವರೇ ಅವರು ಎಂದು ಸರ್ಕಾರ ಸಂಸತ್ತಿನಲ್ಲಿ ಹೇಳಿತು. ಬೋನು ಇಟ್ಟು ಕಾಯುವ ಕೆಲಸ ಅದು.

ಪೊಲೀಸ್, ಗುಪ್ತಚರ, ಕೋರ್ಟು: ನಿಧಾನ, ಆದರೆ ಬೇರಿಗೆ ಹೋಗುತ್ತದೆ

ಅಮೆರಿಕದ ರ‍್ಯಾಂಡ್ ಸಂಸ್ಥೆ 2008ರಲ್ಲಿ ಒಂದು ಲೆಕ್ಕ ಮಾಡಿತು. 1968ರಿಂದ 2006ರವರೆಗಿನ 648 ಭಯೋತ್ಪಾದಕ ಗುಂಪುಗಳನ್ನು ತೆಗೆದುಕೊಂಡು, ಮುಗಿದುಹೋದವು ಹೇಗೆ ಮುಗಿದವು ಎಂದು ನೋಡಿತು. ಶೇ 43ರಷ್ಟು ರಾಜಕೀಯಕ್ಕೆ ಬಂದು ಬಂದೂಕು ಕೆಳಗಿಟ್ಟವು. ಶೇ 40ರಷ್ಟನ್ನು ಪೊಲೀಸರೂ ಗುಪ್ತಚರರೂ ಮುರಿದರು. ಶೇ 10ರಷ್ಟು ಗೆದ್ದವು. ಸೈನ್ಯದಿಂದ ಮುಗಿದದ್ದು ಶೇ 7 ಮಾತ್ರ. ಧರ್ಮದ ಹೆಸರಿನ ಗುಂಪುಗಳ ಬಗ್ಗೆ ಅದೇ ಲೆಕ್ಕದಲ್ಲಿ ಎರಡು ಮಾತಿವೆ: ಅವು ಬೇಗ ಸಾಯುವುದಿಲ್ಲ, ಆದರೆ ಆ ಅವಧಿಯಲ್ಲಿ ಅವುಗಳಲ್ಲಿ ಒಂದೂ ಗೆದ್ದಿಲ್ಲ. ದೇವರ ಆಜ್ಞೆ ಎಂದು ಹೊರಟವನಿಗೆ ಸಂಧಾನದ ಮೇಜು ಬೇಕಿಲ್ಲವಾದ್ದರಿಂದ ಮೊದಲನೆಯ ದಾರಿ ಬಹುತೇಕ ಮುಚ್ಚಿರುತ್ತದೆ. ಉಳಿಯುವುದು ಎರಡನೆಯದು.

ಧಾರ್ಮಿಕ ಭಯೋತ್ಪಾದನೆ ಎಂದ ಕೂಡಲೇ ಒಂದೇ ಧರ್ಮ ನೆನಪಾಗುವವರಿಗೆ ಜಪಾನಿನ ಓಮ್ ಶಿನ್ರಿಕ್ಯೊ ಪಂಥವನ್ನು ತೋರಿಸುತ್ತೇನೆ. ಯೋಗ, ಬೌದ್ಧ ಮಾತು, ಪ್ರಳಯದ ಭವಿಷ್ಯ ಎಲ್ಲ ಕಲಸಿದ್ದ ಪಂಥ ಅದು. 1995ರ ಮಾರ್ಚ್ 20ರ ಬೆಳಗ್ಗೆ ಟೋಕಿಯೊ ಮೆಟ್ರೊದಲ್ಲಿ ಸಾರಿನ್ ವಿಷಾನಿಲ ಬಿಟ್ಟರು. ಪ್ಲಾಸ್ಟಿಕ್ ಚೀಲಗಳನ್ನು ಪತ್ರಿಕೆಯಲ್ಲಿ ಸುತ್ತಿ ನೆಲಕ್ಕಿಟ್ಟು, ಚೂಪು ಮಾಡಿದ ಛತ್ರಿ ತುದಿಯಿಂದ ಚುಚ್ಚಿ ಇಳಿದುಹೋದರು. 10ಕ್ಕಿಂತ ಹೆಚ್ಚು ಜನ ಸತ್ತರು, ಸಾವಿರಾರು ಜನ ಆಸ್ಪತ್ರೆ ಸೇರಿದರು. ಜಪಾನ್ ಯಾರ ಮೇಲೂ ಯುದ್ಧ ಸಾರಲಿಲ್ಲ, ಪಂಥವನ್ನು ನಿಷೇಧಿಸಲೂ ಇಲ್ಲ. ಗುರು ಅಸಹಾರನನ್ನು ಎರಡು ತಿಂಗಳೊಳಗೆ ಹಿಡಿದು, ವರ್ಷಗಟ್ಟಲೆ ವಿಚಾರಣೆ ನಡೆಸಿ 2018ರ ಜುಲೈನಲ್ಲಿ ಗಲ್ಲಿಗೇರಿಸಿದರು. ಅಷ್ಟರಲ್ಲಿ ಪಂಥ ಒಣಗಿಹೋಗಿತ್ತು. ಆದರೆ ಹಿಂದಿನ ವರ್ಷ ಅದೇ ಪಂಥ ಮಾತ್ಸುಮೊಟೊ ಊರಿನಲ್ಲಿ ಅದೇ ವಿಷ ಬಿಟ್ಟಾಗ ಪೊಲೀಸರು ಅನುಮಾನಿಸಿದ್ದು ತಾನೇ ಗಾಯಗೊಂಡಿದ್ದ ನೆರೆಮನೆಯವನನ್ನು. ಆವತ್ತೇ ಸರಿಯಾಗಿ ಹುಡುಕಿದ್ದರೆ ಟೋಕಿಯೊ ತಪ್ಪುತ್ತಿತ್ತೇನೋ.

ನಮ್ಮ ಮೈಸೂರಿನದೇ ಉದಾಹರಣೆ ಇದೆ, ಯಾರೂ ನೆನಪಿಟ್ಟಿಲ್ಲ. 2016ರ ಆಗಸ್ಟ್ 1ರಂದು ನಗರದ ನ್ಯಾಯಾಲಯದ ಆವರಣದ ಶೌಚಾಲಯದಲ್ಲಿ ಬಾಂಬು ಸಿಡಿಯಿತು. ಅದೇ ವರ್ಷ ಚಿತ್ತೂರು, ಕೊಲ್ಲಂ, ನೆಲ್ಲೂರು, ಮಲಪ್ಪುರಂಗಳಲ್ಲೂ ಹಾಗೆಯೇ ಕೋರ್ಟು, ಕಲೆಕ್ಟರ್ ಕಚೇರಿ ಆವರಣಗಳಲ್ಲಿ ಸಿಡಿದಿದ್ದವು. ಒಂದೊಂದು ರಾಜ್ಯಕ್ಕೆ ಒಂದೊಂದು ಬಿಡಿ ಪ್ರಕರಣ. ಸೇರಿಸಿ ನೋಡಿದಾಗಲೇ ಒಂದೇ ಕೈ ಕಂಡದ್ದು: ಅಲ್‌ಖೈದಾದಿಂದ ಪ್ರೇರಿತವಾದ ಬೇಸ್ ಮೂವ್‌ಮೆಂಟ್ ಎಂಬ ಸಣ್ಣ ಗುಂಪು. ನವೆಂಬರ್ ಹೊತ್ತಿಗೆ ಎನ್‌ಐಎ ತಮಿಳುನಾಡಿನಲ್ಲಿ ಅವರನ್ನು ಹಿಡಿಯಿತು, ಮೈಸೂರು ಪ್ರಕರಣದಲ್ಲಿ 2021ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಮೂವರಿಗೆ ಶಿಕ್ಷೆ ಕೊಟ್ಟಿತು. ಆ ಐದೂ ಊರಿನಲ್ಲಿ ಕರ್ಫ್ಯೂ ಇಲ್ಲ, ಅಂಗಡಿ ಸುಟ್ಟದ್ದಿಲ್ಲ. ನೆನಪಿನಲ್ಲಿ ಉಳಿಯದಿರುವುದೇ ಆ ತನಿಖೆಯ ಯಶಸ್ಸು ಎಂದು ನನಗನ್ನಿಸುತ್ತದೆ.

ಜೀವಂತ ಹಿಡಿದವನ ಬೆಲೆ ಏನು ಎಂಬುದಕ್ಕೆ 2008ರ ಮುಂಬೈ. 10 ಜನ ಬಂದರು, 166 ಜನರನ್ನು ಕೊಂದರು. ಗಿರ್‌ಗಾಂವ್ ಚೌಪಾಟಿಯ ನಾಕಾಬಂದಿಯಲ್ಲಿ ಎಎಸ್‌ಐ ತುಕಾರಾಮ್ ಓಂಬ್ಳೆ ಕಸಬ್‌ನ ಎಕೆ ಬಂದೂಕಿನ ನಳಿಗೆಯನ್ನು ಕೈಯಲ್ಲಿ ಹಿಡಿದು, ಗುಂಡುಗಳನ್ನು ಮೈಮೇಲೆ ತೆಗೆದುಕೊಂಡು ಬಿಡಲಿಲ್ಲ. ಅವರು ಬಿಟ್ಟಿದ್ದರೆ ನಮ್ಮ ಬಳಿ 10 ಶವಗಳು ಇರುತ್ತಿದ್ದವು, ಸಾಕ್ಷಿ ಇರುತ್ತಿರಲಿಲ್ಲ. ಲಷ್ಕರ್ ನಾಯಕ ಹಫೀಜ್ ಸಯೀದ್‌ನನ್ನು ಅದೇ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆ ಪಟ್ಟಿಗೆ ಸೇರಿಸಿತು. ಸಂಚಿನ ಎಳೆ ಹಿಡಿದು ಹೋದಾಗ ದಾಳಿಗೆ ಮುಂಚೆ ಜಾಗಗಳನ್ನು ನೋಡಿಹೋಗಿದ್ದ ಡೇವಿಡ್ ಹೆಡ್ಲಿಗೆ ಅಮೆರಿಕದಲ್ಲಿ 35 ವರ್ಷ ಶಿಕ್ಷೆಯಾಯಿತು, 2025ರ ಏಪ್ರಿಲ್‌ನಲ್ಲಿ ಅವನ ಸಹಚರ ಎನ್ನಲಾದ ತಹಾವ್ವುರ್ ರಾಣಾನನ್ನು ವಿಚಾರಣೆಗೆ ಭಾರತಕ್ಕೆ ತಂದರು. ಇಷ್ಟು ವರ್ಷ ಕಳೆದರೂ ಎಳೆ ಕಡಿದಿಲ್ಲ.

ದೋಷವನ್ನೂ ಹೇಳಲೇಬೇಕು. 2006ರ ಮಾಲೆಗಾಂವ್ ಸ್ಫೋಟಕ್ಕೆ ಮೊದಲು ಹಿಡಿದಿದ್ದ ಮುಸ್ಲಿಂ ಯುವಕರನ್ನು 2016ರಲ್ಲಿ ನ್ಯಾಯಾಲಯ ಕೈಬಿಟ್ಟಿತು. ಅಷ್ಟರಲ್ಲಿ ಅವರು ಸುಮಾರು ಐದು ವರ್ಷ ಜೈಲಿನಲ್ಲಿ ಕಳೆದಿದ್ದರು. ತಪ್ಪು ಮನುಷ್ಯನನ್ನು ಹಿಡಿದರೆ ಎರಡು ನಷ್ಟ: ನಿಜವಾದವನು ಹೊರಗೆ ಇರುತ್ತಾನೆ, ಒಳಗಿರುವವನ ಕೇರಿಯಲ್ಲಿ ಇನ್ನು ಯಾರೂ ಪೊಲೀಸರಿಗೆ ಬಾಯಿ ಬಿಡುವುದಿಲ್ಲ. ಗದ್ದೆಯ ಯಜಮಾನ ಮುನಿಸಿಕೊಂಡರೆ ಚಿರತೆ ಯಾವ ಸಾಲಿನಲ್ಲಿದೆ ಎಂದು ತೋರಿಸುವವರು ಯಾರು?

ಮಾಹಿತಿ ಇದ್ದರೂ ಕೇಳುವ ಕಿವಿ ಇಲ್ಲದಿದ್ದರೆ ಈ ಮದ್ದು ನೀರು. 2019ರ ಏಪ್ರಿಲ್‌ನಲ್ಲಿ ಚರ್ಚುಗಳ ಮೇಲೆ ದಾಳಿ ಆಗಲಿದೆ ಎಂದು ಭಾರತ ಶ್ರೀಲಂಕಾಕ್ಕೆ ಮುಂಚೆಯೇ ಎಚ್ಚರಿಕೆ ಕೊಟ್ಟಿತ್ತು. ಅಲ್ಲಿ ಅಧ್ಯಕ್ಷರಿಗೂ ಪ್ರಧಾನಿಗೂ ಮಾತುಕತೆಯೇ ಇರಲಿಲ್ಲ, ಪ್ರಧಾನಿಯನ್ನು ಭದ್ರತಾ ಸಭೆಗಳಿಗೇ ಕರೆಯುತ್ತಿರಲಿಲ್ಲ. ಈಸ್ಟರ್ ದಿನ 260ಕ್ಕೂ ಹೆಚ್ಚು ಜನ ಸತ್ತರು, ಕರ್ನಾಟಕದವರೂ ಇದ್ದರು. ಆಗ ಅಧ್ಯಕ್ಷರಾಗಿದ್ದ ಮೈತ್ರಿಪಾಲ ಸಿರಿಸೇನ 10 ಕೋಟಿ ಶ್ರೀಲಂಕಾ ರೂಪಾಯಿ ಪರಿಹಾರ ಕಟ್ಟಬೇಕೆಂದು ಲಂಕಾದ ಸುಪ್ರೀಂ ಕೋರ್ಟ್ 2023ರಲ್ಲಿ ಆದೇಶಿಸಿತು.

ಹಣದ ದಾರಿ: ಸದ್ದಿಲ್ಲದ ಮದ್ದು

ಕಾರ್ನ್‌ವಾಲಿಸನಿಗೆ ಎತ್ತು ಹೇಗೋ ಭಯೋತ್ಪಾದಕನಿಗೆ ಹಣ ಹಾಗೆ. ವಿಶ್ವಸಂಸ್ಥೆಯ ಎರಡು ಸಂಖ್ಯೆ ನೆನಪಿಡಿ. 1999ರ 1267ನೇ ನಿರ್ಣಯ ಹೆಸರು ಹಿಡಿದು ಪಟ್ಟಿ ಮಾಡುತ್ತದೆ. ಪಟ್ಟಿಯಲ್ಲಿದ್ದವರ ಆಸ್ತಿ ಮುಟ್ಟುಗೋಲು, ಪ್ರಯಾಣ ಬಂದ್. 2001ರ ಸೆಪ್ಟೆಂಬರ್ 28ರ 1373ನೇ ನಿರ್ಣಯ ಭಯೋತ್ಪಾದನೆಗೆ ಹಣ ಕೊಡುವುದನ್ನು ಅಪರಾಧ ಮಾಡಿ ಎಂದು ಎಲ್ಲ ದೇಶಗಳಿಗೂ ಕಡ್ಡಾಯ ಮಾಡಿತು.

ಪಟ್ಟಿಯ ದೌರ್ಬಲ್ಯ ನಮಗೆ ಚೆನ್ನಾಗಿ ಗೊತ್ತು. ಜೈಷ್-ಎ-ಮೊಹಮ್ಮದ್ ನಾಯಕ ಮಸೂದ್ ಅಜರ್ ಹೆಸರು ಸೇರಿಸಲು ಭಾರತ 2009ರಲ್ಲಿ ಶುರುಮಾಡಿದ್ದು ಮುಗಿದದ್ದು 2019ರ ಮೇ 1ರಂದು. ನಡುವೆ ಚೀನಾ ಮತ್ತೆ ಮತ್ತೆ ಅಡ್ಡಗಾಲು. ಇನ್ನೊಂದು ಬದಿಯೂ ಇದೆ: ವಿಚಾರಣೆ ಇಲ್ಲದೆ ಹೆಸರು ಬಿದ್ದವನು ಯಾರ ಬಳಿ ಹೋಗಬೇಕು? ಯುರೋಪಿನ ನ್ಯಾಯಾಲಯ 2008ರಲ್ಲಿ ಕಾದಿ ಎಂಬ ಸೌದಿ ಉದ್ಯಮಿಯ ಪ್ರಕರಣದಲ್ಲಿ ಇದನ್ನೇ ಎತ್ತಿತು. ಮರುವರ್ಷ ವಿಶ್ವಸಂಸ್ಥೆ ದೂರು ಕೇಳಲು ಒಂಬುಡ್ಸ್‌ಪರ್ಸನ್ ಹುದ್ದೆ ಮಾಡಿತು.

ಪಟ್ಟಿಗಿಂತ ನಾನು ಹೆಚ್ಚು ಅಂಕ ಕೊಡುವುದು ಪ್ಯಾರಿಸ್ಸಿನ ಎಫ್‌ಎಟಿಎಫ್‌ಗೆ. ಫೈನಾನ್ಷಿಯಲ್ ಆ್ಯಕ್ಷನ್ ಟಾಸ್ಕ್ ಫೋರ್ಸ್ ಎಂಬುದು ಅದರ ಪೂರ್ಣ ಹೆಸರು. 1989ರಲ್ಲಿ ಕಪ್ಪುಹಣ ಬಿಳಿಮಾಡುವುದನ್ನು ತಡೆಯಲು ಹುಟ್ಟಿದ ಸಂಸ್ಥೆ, 2001ರ ನಂತರ ಭಯೋತ್ಪಾದನೆಯ ಹಣಕ್ಕೂ ಕೈ ಹಾಕಿತು. ಅದರ ಬಳಿ ಒಬ್ಬ ಸಿಪಾಯಿಯೂ ಇಲ್ಲ. ಅದು ಮಾಡುವುದು ಇಷ್ಟೇ: ನಿಮ್ಮ ದೇಶದ ಬ್ಯಾಂಕುಗಳು ನಂಬಿಕೆಗೆ ಅರ್ಹವೋ ಎಂದು ಅಂಕಪಟ್ಟಿ ಕೊಡುವುದು. ಕೊರತೆ ಇದೆ ಎಂದು ನಿಗಾ ಇಟ್ಟ ದೇಶಗಳ ಬೂದು ಪಟ್ಟಿಗೆ ಬಿದ್ದರೆ ಹೊರಗಿನ ಬ್ಯಾಂಕುಗಳು ಪ್ರತಿ ವ್ಯವಹಾರವನ್ನೂ ಎರಡು ಸಲ ನೋಡುತ್ತವೆ, ಹೂಡಿಕೆದಾರ ಹಿಂಜರಿಯುತ್ತಾನೆ. ಪಾಕಿಸ್ತಾನ 2018ರ ಜೂನ್‌ನಿಂದ 2022ರ ಅಕ್ಟೋಬರ್‌ವರೆಗೆ ಆ ಪಟ್ಟಿಯಲ್ಲಿತ್ತು. ಒಟ್ಟು 34 ಅಂಶಗಳನ್ನು ಪೂರೈಸಬೇಕಿತ್ತು. ಅದೇ ಅವಧಿಯಲ್ಲಿ, 2020ರ ಫೆಬ್ರವರಿಯಲ್ಲಿ, ಪಾಕಿಸ್ತಾನದ್ದೇ ನ್ಯಾಯಾಲಯ ಹಫೀಜ್ ಸಯೀದ್‌ಗೆ ಹಣಕಾಸು ಪ್ರಕರಣದಲ್ಲಿ ಶಿಕ್ಷೆ ಕೊಟ್ಟಿತು. ಸತ್ತೇಹೋಗಿದ್ದಾನೆ ಎನ್ನಲಾಗಿದ್ದ ಮುಂಬೈ ದಾಳಿಯ ಸಂಚುಕೋರ ಸಾಜಿದ್ ಮೀರ್ 2022ರಲ್ಲಿ ಇದ್ದಕ್ಕಿದ್ದಂತೆ ಜೀವಂತವಾಗಿ ಜೈಲು ಸೇರಿದ. ಹತ್ತು ವರ್ಷ ಭಾಷಣದಿಂದ ಆಗದ್ದು ಅಂಕಪಟ್ಟಿಯಿಂದ ಆಯಿತು.

ಪಟ್ಟಿಯಿಂದ ಹೊರಬಿದ್ದ ಮೂರನೆಯ ವರ್ಷಕ್ಕೆ ಪಹಲ್ಗಾಮ್ ಆಯಿತು ಎಂಬುದೂ ಸತ್ಯ. ಹಣ ಕಟ್ಟುವುದು ಹಿಡಿತ ಇರುವಷ್ಟು ದಿನ ಮಾತ್ರ ಕೆಲಸ ಮಾಡುತ್ತದೆ. ಒಬ್ಬಂಟಿಯಾಗಿ ಅಡುಗೆಮನೆಯ ಚಾಕು ಹಿಡಿದು ಹೊರಡುವವನಿಗೆ ಯಾವ ಬ್ಯಾಂಕಿನ ಹಂಗೂ ಇಲ್ಲ.

ತಲೆಯೊಳಗಿನದು

ಇದರ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಯಾಕೆಂದರೆ ಫಲಿತಾಂಶ ಅಳೆಯುವುದೇ ಕಷ್ಟ. ಸೌದಿ ಅರೇಬಿಯಾ 2004ರಿಂದ ಕೈದಿಗಳಿಗೆ ಮೌಲ್ವಿ, ಮನೋವೈದ್ಯ, ಕೆಲಸ, ಮದುವೆಗೆ ಸಹಾಯ ಎಲ್ಲ ಕೊಟ್ಟು ತಿದ್ದಲು ನೋಡಿತು. ತುಂಬ ಜನ ಸುಮ್ಮನಾದರು. ಆದರೆ ಆ ಕೇಂದ್ರ ದಾಟಿ ಹೋದ ಸಯೀದ್ ಅಲ್ ಶಿಹ್ರಿ ಯೆಮೆನ್‌ನಲ್ಲಿ ಅಲ್‌ಖೈದಾದ ಎರಡನೆಯ ನಾಯಕನಾದ. 2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನ ಎರಡು ಮಸೀದಿಗಳಲ್ಲಿ 51 ಜನರನ್ನು ಕೊಂದ ಬಿಳಿಯ ಜನಾಂಗವಾದಿ ಅದನ್ನು ಫೇಸ್‌ಬುಕ್‌ನಲ್ಲಿ ನೇರಪ್ರಸಾರ ಮಾಡಿದ. 24 ಗಂಟೆಯೊಳಗೆ 15 ಲಕ್ಷ ಪ್ರತಿಗಳನ್ನು ತೆಗೆದೆವು ಎಂದಿತು ಫೇಸ್‌ಬುಕ್. ಪ್ರಧಾನಿ ಜೆಸಿಂಡಾ ಆರ್ಡರ್ನ್ ಅವನ ಹೆಸರನ್ನೇ ಬಾಯಿಂದ ಎತ್ತಲಿಲ್ಲ. ಎರಡು ತಿಂಗಳಿಗೆ ಪ್ಯಾರಿಸ್ಸಿನಲ್ಲಿ ಕ್ರೈಸ್ಟ್‌ಚರ್ಚ್ ಕರೆ ಎಂಬ ಒಪ್ಪಂದವಾಯಿತು, ಭಾರತವೂ ಸೇರಿದೆ. ಕೊಲೆಗಾರನಿಗೆ ಬೇಕಾಗಿದ್ದದ್ದು ಪ್ರೇಕ್ಷಕರು. ಅದನ್ನು ಕೊಡದಿರುವುದೂ ಒಂದು ಹೊಡೆತ.

ಎದುರುಬದುರು ಇಟ್ಟರೆ

ಎದುರಾಳಿಗೆ ನೆಲವೂ ಖಜಾನೆಯೂ ಇದ್ದರೆ ಯುದ್ಧ, ಅದೂ ಸ್ಥಳೀಯರ ಕಾಲಿನ ಮೇಲೆ, ನೆಲ ಬಂದ ದಿನ ನಿಲ್ಲುವ ಹಾಗೆ. ಬೆನ್ನಿಗೆ ದೇಶವೊಂದು ಇದ್ದರೆ ಮೊದಲು ಹಣದ ದಾರಿ ಮತ್ತು ರಾಜತಾಂತ್ರಿಕ ಒತ್ತಡ. ಆರಿಸಿ ಹೊಡೆಯುವುದು ಅದರ ಜೊತೆಗೆ, ಅದರ ಬದಲಿಗೆ ಅಲ್ಲ. ನಾಲ್ಕೈದು ಹುಡುಗರು, ಒಂದು ಬಾಡಿಗೆ ಕೋಣೆ, ಮೊಬೈಲು ಇಷ್ಟೇ ಇದ್ದರೆ ಪೊಲೀಸ್ ಬಿಟ್ಟು ಬೇರೇನೂ ಬೇಡ. ಖರ್ಚಿನಲ್ಲಿ ಯುದ್ಧ ಎಲ್ಲಕ್ಕಿಂತ ದುಬಾರಿ, ಪೊಲೀಸ್ ಅಗ್ಗ. ಕಣ್ಣಿಗೆ ಕಾಣುವುದರಲ್ಲಿ ಸ್ಟ್ರೈಕ್ ಮೊದಲು, ಹಣಕಾಸು ಕೊನೆ. ಚುನಾವಣೆಗೆ ಯಾವುದು ಆಗಿಬರುತ್ತದೆ ಎಂದು ನಾನು ಹೇಳಬೇಕಾಗಿಲ್ಲ.

ನಿಮ್ಮ ಓಟು ಯಾವುದಕ್ಕೆ ಸಾರ್ ಎಂದು ಕೇಳುತ್ತಾರೆ. ನನ್ನ ಮನೆಯಲ್ಲಿ ನೂರು ರೂಪಾಯಿ ಇದ್ದರೆ ಅರವತ್ತು ಪೊಲೀಸ್ ಮತ್ತು ಗುಪ್ತಚರಕ್ಕೆ, ಇಪ್ಪತ್ತೈದು ಹಣದ ಜಾಡು ಹಿಡಿಯುವವರಿಗೆ, ಉಳಿದದ್ದರಲ್ಲಿ ಸೇನೆ ಎಂದು ಹೇಳುತ್ತೇನೆ. ಗಡಿಯಲ್ಲಿ ಅಣ್ಣನೋ ತಮ್ಮನೋ ಇರುವ ಹುಡುಗರು ಒಪ್ಪುವುದಿಲ್ಲ. ಒಪ್ಪಬೇಕಾಗಿಯೂ ಇಲ್ಲ.

2022ರ ನವೆಂಬರ್ 19ರಂದು ಮಂಗಳೂರಿನ ಆಟೊದಲ್ಲಿ ಕುಕ್ಕರ್ ಬಾಂಬು ಸಿಡಿದಾಗ, ಆರೋಪಿ ಇದ್ದದ್ದು ಮೈಸೂರಿನ ಬಾಡಿಗೆ ಕೋಣೆಯಲ್ಲಿ ಎಂದು ಪೊಲೀಸರು ಹೇಳಿದರು. ಕೋಣೆ ಹಿಡಿಯಲು ಕೊಟ್ಟಿದ್ದ ಆಧಾರ್ ಹುಬ್ಬಳ್ಳಿಯ ರೈಲ್ವೆ ನೌಕರನೊಬ್ಬ ಕಳೆದುಕೊಂಡಿದ್ದ ಕಾರ್ಡಿನದು. ಆ ವಾರ ನಮ್ಮ ಬೀದಿಯ ಮನೆ ಮಾಲೀಕರೊಬ್ಬರು ಬಾಡಿಗೆದಾರರ ಆಧಾರ್ ಜೆರಾಕ್ಸುಗಳ ಕಟ್ಟನ್ನೇ ಹಿಡಿದು ನನ್ನ ಹತ್ತಿರ ಬಂದರು, ಇದರಲ್ಲಿ ಯಾವುದು ಸುಳ್ಳು ನೋಡಿ ಮೇಷ್ಟ್ರೇ ಅಂತ. ಜೆರಾಕ್ಸ್ ನೋಡಿ ಹೇಳಲಾಗುವುದಿಲ್ಲ ಎಂದೆ. ಇಬ್ಬರೂ ಒಂದೊಂದೇ ಕಾರ್ಡಿನ ವಿಳಾಸ ನೋಡಿ, ಹುಡುಗರ ಅಪ್ಪ ಅಮ್ಮಂದಿರ ನಂಬರು ಕೇಳಿ ತೆಗೆದುಕೊಂಡು, ಫೋನು ಮಾಡುತ್ತ ಕೂತೆವು. ಚಾಮರಾಜನಗರದ ತಾಯಿಯೊಬ್ಬರು ಮಗನಿಗೆ ಏನಾಯಿತೋ ಎಂದು ಅಳಲು ಶುರುಮಾಡಿದರು. ಅವರನ್ನು ಸಮಾಧಾನ ಮಾಡಲು ಕಾಲು ಗಂಟೆ ಹಿಡಿಯಿತು. ಮುಂದಿನ ಕಾರ್ಡು ಎತ್ತಿಕೊಂಡೆವು.